ಬೋರ್ಡಿನ ಮೇಲಿನ ಹಸಿರು ಅಕ್ಷರ

ಶಾಲೆಯ ಹಿಂದಿನ ಗೊಬ್ಬರದ ಗುಂಡಿಯ ಬೆಚ್ಚನೆಯ ಕತ್ತಲಲ್ಲಿ ಮುದಿ ಎರೆಹುಳು ಮರಿಗಳಿಗೆ ಪಾಠ ಹೇಳುತ್ತಿತ್ತು. ಆಗ ಕೆಟ್ಟುಹೋದ ಕ್ಯಾಲ್ಕುಲೇಟರಿನ ಸರ್ಕ್ಯೂಟ್ ಬೋರ್ಡೊಂದು ಕನಸಿನಂತೆ ಮೆಲ್ಲಗೆ ಒಳಗಿಳಿಯಿತು.

"ನನ್ನ ಮೈ ಸೆಣಬಿನ ನಾರಿನದು. ಮಣ್ಣಿಗೆ ಬಿದ್ದರೆ ಮಣ್ಣೇ ಆಗುತ್ತೇನೆ. ಬೆನ್ನ ಮೇಲೆ ಹಸಿರು ಅಕ್ಷರದಲ್ಲಿ ಹಾಗೆಂದು ಬರೆದಿದೆ, ತಡವಿ ನೋಡಿ," ಎಂದಿತು ಬೋರ್ಡು.

ಮರಿಗಳು ತಡವಿ ನೋಡಿ, ನಂಬಿ, ಹಿಗ್ಗಿ ಕುಣಿದವು.

"ನೀನು ಕರಗುವುದನ್ನು ಕಂಡವರು ಯಾರು?" ಎಂದಿತು ಮುದಿ ಹುಳು.

"ನನ್ನನ್ನು ಮಾಡಿದವರು. ಕುದಿಯುವ ನೀರಿನಲ್ಲಿಟ್ಟು ನೋಡಿದರಂತೆ."

"ನಮ್ಮ ಗುಂಡಿ ಕುದಿಯುವುದಿಲ್ಲವಲ್ಲಪ್ಪಾ. ಇಲ್ಲೇ ಮಲಗು. ಮಕ್ಕಳೇ, ಇವನ ಪಕ್ಕ ಒಂದು ಹಲಸಿನ ಎಲೆಯನ್ನೂ ಮಲಗಿಸಿ. ಇಬ್ಬರನ್ನೂ ನೋಡೋಣ."

ಮಳೆಗಾಲ ಬಂದು ಹೋಯಿತು. ಬೇರುಗಳು ನಿದ್ದೆಯಲ್ಲೇ ಮಗ್ಗುಲು ಬದಲಿಸಿದವು. ಎಲೆ ಮೊದಲು ಜಾಲರಿಯಾಯಿತು, ಆಮೇಲೆ ಘಮ್ಮೆನ್ನುವ ಮಣ್ಣಾಯಿತು.

ಕುಣಿದಿದ್ದ ಮರಿಯೊಂದು ಈಗ ಬೋರ್ಡನ್ನು ಸುತ್ತಿ ಬಂದು ಹೇಳಿತು: "ಅಂಚು ಕೊಂಚ ಮೆತ್ತಗಾಗಿದೆ. ಉಳಿದದ್ದು ಹಾಗೇ ಇದೆ. ಸದ್ಯಕ್ಕೆ ನಮಗೆ ಗೊತ್ತಿರುವುದು ಇಷ್ಟೇ."

"ಹಾಗಾದರೆ, ಮಣ್ಣಾಗುತ್ತೇನೆಂದು ಬರೆದ ಆ ಅಕ್ಷರಗಳು?" ಎಂದು ಕೇಳಿತು ಬೋರ್ಡು.

ಮರಿ ಅದರ ಬೆನ್ನನ್ನು ಮತ್ತೊಮ್ಮೆ ಮೆಲ್ಲಗೆ ತಡವಿತು.

"ಅವು ಒಂದಿಷ್ಟೂ ಕರಗಿಲ್ಲ, ಅಣ್ಣಾ."