ದೊರೆಸಾನಿ ತಗ್ಗು

“ವಾಲ್ಟರ್, ನನ್ನನ್ನು ಆ ಗಾಡಿಗೆ ಕೊಡಬೇಡ.” ದೊರೆಗೆ ಹೆಂಡತಿ ಕೊನೆಗೆ ಆಡಿದ ಮಾತು ಇದೇ ಎನ್ನುತ್ತಾರೆ. ಗಜರಹಾಳದ ಬಡಗಣ ದಿಕ್ಕಿಗೆ, ಹತ್ತಿ ಗಿರಣಿ ದಾಟಿದರೆ, ಇವತ್ತಿಗೂ ಒಂದು ತಗ್ಗು ಇದೆ. ಮಣ್ಣು ಬೆಳ್ಳಗೆ. ಹುಲ್ಲು ಹುಟ್ಟುವುದಿಲ್ಲ. ದನ ಇಳಿಯುವುದಿಲ್ಲ. ಅದಕ್ಕೆ ದೊರೆಸಾನಿ ತಗ್ಗು ಎಂದು ಹೆಸರು.

ಹಿಂದೆ ಒಮ್ಮೆ ಈ ಊರ ಮುನ್ಸಿಪಾಲಿಟಿಗೆ ವಾಲ್ಟರ್ ಹಿಕ್ಸ್ ಎಂಬ ಇಂಗ್ಲಿಷ್ ದೊರೆ ಅಧ್ಯಕ್ಷನಾಗಿದ್ದ. ತೊಗಲಿನ ವ್ಯಾಪಾರಿಯ ಮಗ. ತನ್ನ ದೇಶದ ಸಣ್ಣ ಊರೊಂದರಲ್ಲಿ ಓಟು ಗೆದ್ದು ನಗರಸಭೆಯ ಮೆಂಬರನಾಗಿದ್ದ, ಚರಂಡಿ ತೋಡಿಸಿ ಹೆಸರು ಮಾಡಿದ್ದ. ಆದರೆ ಸ್ವಂತ ಅಣ್ಣ ತೊಗಲು ಹದಮಾಡುವ ಜಾಗದ ಹೊಲಸು ನೀರನ್ನು ಮಾತ್ರ ಕಂಡೂ ಕಾಣದಂತೆ ಬಿಟ್ಟ. ಜನ ಬೀದಿಯಲ್ಲಿ ಹೋ ಎಂದು ಕೂಗಿ, ಮುಂದಿನ ಚುನಾವಣೆಯಲ್ಲಿ ಮಣ್ಣು ಮುಕ್ಕಿಸಿದರು. ಆ ಅವಮಾನ ಹೊಟ್ಟೆಯಲ್ಲಿಟ್ಟುಕೊಂಡೇ ಗಿರಣಿಯ ಮ್ಯಾನೇಜರನಾಗಿ ಇಲ್ಲಿಗೆ ಬಂದ, ಮುನ್ಸಿಪಾಲಿಟಿಯ ಅಧ್ಯಕ್ಷನೂ ಆದ. ಇನ್ನು ಯಾರಿಗೂ ರಿಯಾಯಿತಿ ಇಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದ. ಪ್ಲೇಗು ಬಂದಾಗ ಕಾಯ್ದೆ ಮಾಡಿದ: ಸತ್ತವರನ್ನು ಮುನ್ಸಿಪಾಲಿಟಿ ಗಾಡಿಗೆ ಕೊಡಬೇಕು, ಸುಣ್ಣದ ತಗ್ಗಿಗೆ ಹಾಕಬೇಕು, ಮನೆಯವರು ಮುಟ್ಟಬಾರದು. ನೇಕಾರ ಈರಸಂಗಪ್ಪ ಕೇಳಲಿಲ್ಲ. ಅವರಲ್ಲಿ ಹೆಣವನ್ನು ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುವುದು. ಆತ ಪ್ಲೇಗಿಗೆ ಸತ್ತ ಹೆಂಡತಿ ನೀಲವ್ವನನ್ನು ಮನೆಯೊಳಗೇ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಲ್ಲಿ ಕೂರಿಸಿ ಮುಚ್ಚಿದ. ವಾಸನೆ ಎದ್ದಿತು. ದೊರೆ ತಾನೇ ಬಂದ. “ಸಾಹೇಬ್ರ, ಕುಂತಾಳ, ಕುಂತಿರಲಿ ಬಿಡ್ರಿ,” ಎಂದು ಈರಸಂಗಪ್ಪ ಕಾಲು ಹಿಡಿದ. ದೊರೆ ಕಾಲು ಬಿಡಿಸಿಕೊಂಡ. ಹೆಣವನ್ನು ಕೊಕ್ಕೆ ಹಾಕಿಸಿ ಎಳೆಸಿದ. ಸಾಲದೆಂದು, ಶಿಕ್ಷೆಯಾಗಿ ಈರಸಂಗಪ್ಪನನ್ನೇ ಹೆಣದ ಗಾಡಿ ಹೊಡೆಯಲು ಹಚ್ಚಿದ.

ಕೆಲವು ದಿನಕ್ಕೆ ದೊರೆಯ ಬಂಗಲೆಯಲ್ಲೇ ಇಲಿ ಸತ್ತು ಬಿತ್ತು. ದೊರೆಸಾನಿಯ ಬಗಲಲ್ಲಿ ಗಡ್ಡೆ ಎದ್ದಿತು. ಸಂಜೆ, ಗಾಡಿಗೆ ಕೊಡಬೇಡ ಎಂಬ ಆ ಮಾತು ಆಡಿ ಕಣ್ಣು ಮುಚ್ಚಿದಳು. “ಹಿತ್ತಲದಾಗ ಮಣ್ಣು ಕೊಡೂಣ್ರಿ, ಯಾರಿಗೆ ಗೊತ್ತಾಗ್ತೈತಿ?” ಎಂದ ಅಡಿಗೆಯವನು. ಬೆಳಗಾದಾಗ ಗೇಟಿನ ಹೊರಗೆ ಈರಸಂಗಪ್ಪನ ಗಾಡಿ, ಅದರ ಹಿಂದೆ ಊರೇ ನಿಂತಿತ್ತು. ಗಾಡಿ ಒಳಗೆ ಹೋಗುತ್ತದೋ ಇಲ್ಲವೋ, ಅಷ್ಟೇ ಅವರಿಗೆ ಬೇಕಿತ್ತು. ದೊರೆಗೆ ತನ್ನ ಊರಿನ ಆ ಕೂಗು ಕಿವಿಗೆ ಬಿದ್ದಂತಾಯಿತು. ಗೇಟು ತಾನೇ ತೆರೆದ. ತಗ್ಗಿನ ಹತ್ತಿರ ಹೆಂಡತಿಯನ್ನು ಗಾಡಿಯಿಂದ ಇಳಿಸಲು ಕೈ ಚಾಚಿದ.

“ಮುಟ್ಟಬ್ಯಾಡ್ರಿ ಸಾಹೇಬ್ರ,” ಎಂದ ಈರಸಂಗಪ್ಪ. “ಕಾಯ್ದೆ ನಿಮ್ದ. ಮನಿಯವರು ದೂರ ನಿಲ್ಲಬೇಕು.”

ದೊರೆ ಹಿಂದೆ ಸರಿದ.

“ಇನ್ನೊಂದೀಟು.”

ಗುಂಪಿನಲ್ಲಿ ಯಾರೋ ನಕ್ಕರು. ದೊರೆ ಮತ್ತೆ ಸರಿದ. ಈರಸಂಗಪ್ಪ ಕೊಕ್ಕೆ ಹಾಕಿದ.

ನೋಡಲು ಬಂದವರು ಶಿಲುಬೆ ಎಲ್ಲಿ ಎಂದು ಕೇಳುತ್ತಾರೆ. ಶಿಲುಬೆ ಇಲ್ಲ. ತಗ್ಗಿನಿಂದ ಕೂಗಳತೆ ದೂರದಲ್ಲಿ ಒಂದು ಕರಿಕಲ್ಲು ನೆಟ್ಟಿದೆ. ಆ ಬೆಳಿಗ್ಗೆ ಸುಣ್ಣ ಸುರಿದು ಮುಗಿಯುವ ತನಕ ದೊರೆ ಅಲ್ಲೇ ನಿಂತಿದ್ದ. ಮುಗಿದ ಮೇಲೆ, ಆ ದಿನದ ಉಳಿದ ಹೆಣಗಳನ್ನು ತರಲು, ಅದೇ ಗಾಡಿಯನ್ನು ನೇಕಾರರ ಓಣಿಗೆ ಹೊಡೆಸಿದ ಎನ್ನುತ್ತಾರೆ.