ನಾಲ್ಕನೆಯ ಬಿಲ್ಲೆ

"ನನ್ನ ಮುದ್ರೆ ಬೇಕೆಂದರೆ ಒಬ್ಬನೇ ಗುರು, ಹನ್ನೆರಡು ವರ್ಷ. ನಡುವೆ ಒಂದು ದಿನ ತಪ್ಪಿದರೂ ಮೊದಲಿನಿಂದ ಶುರು!" ಎಂದು ಕಂಚುಗಾರರ ಹಿರಿಯ ಬೈರೋಜ ತುಂಬಿದ ರಾಜಸಭೆಯಲ್ಲಿ ಮೀಸೆ ತಿರುವಿದ.

ಎದುರಿಗಿದ್ದವಳು ನಲವತ್ತು ದಾಟಿದ ಕೇತವ್ವೆ. ಮೇಣದ ಅಚ್ಚು ಮಾಡುವುದನ್ನು ತವರಿನಲ್ಲಿ ಕಲಿತಿದ್ದಳು, ಕಂಚು ಎರೆಯುವುದನ್ನು ಗಂಡನ ಊರಿನಲ್ಲಿ. ನಡುವೆ ಎರಡು ಬಾಣಂತನ. ಆ ರಾಜ್ಯದಲ್ಲಿ ಮುದ್ರೆಯಿಲ್ಲದವರು ಗಂಟೆ ಎರೆಯುವಂತಿರಲಿಲ್ಲ.

"ಮತ್ತೆ ಮಣ್ಣು ನಾದುವುದರಿಂದ ಶುರು ಮಾಡಲೇ ಪ್ರಭು? ಮುದ್ರೆ ಸಿಗುವ ಹೊತ್ತಿಗೆ ಇಕ್ಕಳ ಹಿಡಿಯಲು ಕೈಯಲ್ಲಿ ಕಸುವಿರುವುದಿಲ್ಲ."

ರಾಜ ಬಿಲ್ಲರಸ ತನ್ನ ಆಸ್ಥಾನದ ಜಾಣ ದೇಮಯ್ಯನತ್ತ ನೋಡಿದ. ದೇಮಯ್ಯನ ಕಣ್ಣು ಆಕೆಯ ಬೆರಳುಗಳ ಮೇಲಿತ್ತು. ತುಂಬ ಹಳೆಯ ಸುಟ್ಟ ಕಲೆಗಳು. ಇವಳಿಗೆ ಕೆಲಸ ಗೊತ್ತು ಅಂದುಕೊಂಡ. ಮುಖದ ತುಂಬ ಭಕ್ತಿ ತಂದುಕೊಂಡು ಬೈರೋಜನಿಗೆ ಕೈಮುಗಿದ.

"ಎಂಥ ನಿಷ್ಠೆ! ಹಿರಿಯರೇ, ನಿಮ್ಮ ಮದುವೆ ಆದದ್ದು ಯಾವಾಗ?"

"ಗುರುಮನೆ ಸೇರಿದ ಒಂಬತ್ತನೇ ವರ್ಷ. ಯಾಕೆ?"

"ಗುರುಗಳು ಕುಲುಮೆ ಹೊತ್ತುಕೊಂಡು ಚಪ್ಪರಕ್ಕೇ ಬಂದಿದ್ದರೇನೋ!"

"ಕುಲುಮೆ ಯಾರಾದರೂ ಹೊರುತ್ತಾರೆಯೇ? ನಾನೇ ಹೋಗಿದ್ದೆ. ಮಾವನ ಮನೆಯವರು ಬಿಡಬೇಕಲ್ಲ! ಹೋಳಿಗೆ ತಿನ್ನುತ್ತ ಎರಡು ತಿಂಗಳು ಉಳಿದುಬಿಟ್ಟೆ," ಎಂದು ಬೈರೋಜ ನಾಚಿದ.

"ಅಯ್ಯೋ! ಒಂಬತ್ತು ವರ್ಷದ ವಿದ್ಯೆ ಹೋಳಿಗೆಯ ಪಾಲಾಯಿತೇ? ತಿರುಗಿ ಬಂದು ಮತ್ತೆ ಹನ್ನೆರಡು ವರ್ಷ ಕಲಿತಿರಾ?"

"ಮತ್ತೆ ಮೂರೇ ವರ್ಷ. ಕಲಿತದ್ದು ಎಲ್ಲಿಗೆ ಹೋಗುತ್ತದೆ ಸ್ವಾಮಿ? ಕೈಯಲ್ಲೇ ಇತ್ತು!"

ಹಾಗಂದ ಮೇಲೆ ಬೈರೋಜ ನಾಲಿಗೆ ಕಚ್ಚಿಕೊಂಡ. ಸಭೆ ಗೊಳ್ಳೆಂದು ನಕ್ಕಿತು.

"ಪ್ರಭು," ಎಂದ ದೇಮಯ್ಯ, "ಮೇಣದ ಅಚ್ಚಿಗೊಂದು, ಮಣ್ಣಿನ ಲೇಪಕ್ಕೊಂದು, ಎರಕಕ್ಕೊಂದು, ನಾದ ತಿದ್ದುವುದಕ್ಕೊಂದು ಬಿಲ್ಲೆ ಮಾಡಿಸಿ. ಎಲ್ಲೇ ಕಲಿತಿರಲಿ, ಎಷ್ಟೇ ಸಲ ಬಿಟ್ಟು ಕಲಿತಿರಲಿ, ಮಾಡಿ ತೋರಿಸಿದವರಿಗೆ ಬಿಲ್ಲೆ. ನಾಲ್ಕೂ ಸೇರಿದರೆ ಮುದ್ರೆ."

ರಾಜ ಒಪ್ಪಿದ. ಪರೀಕ್ಷೆ ನಡೆಯಿತು. ಕೇತವ್ವೆ ಮೂರು ಬಿಲ್ಲೆ ಗೆದ್ದಳು. ಆದರೆ ಅವಳ ಗಂಟೆ ಬಾರಿಸಿದಾಗ ತಪ್ಪಲೆ ಬಿದ್ದಂತೆ ಸದ್ದಾಯಿತು. ಅವಳು ತಲೆ ತಗ್ಗಿಸಿದಳು.

"ಕೇಳಿದಿರಾ?" ಬೈರೋಜನಿಗೆ ಜೀವ ಬಂತು. "ಇನ್ನು ನನ್ನ ಬಳಿ ಹನ್ನೆರಡು ವರ್ಷ..."

"ಬಾಕಿ ಇರುವುದು ನಾದ ಒಂದೇ, ಹಿರಿಯರೇ," ಎಂದ ದೇಮಯ್ಯ. " ಕಲಿಸಿಕೊಡಿ. ಅದಕ್ಕೇ ಹನ್ನೆರಡು ವರ್ಷ ಹಿಡಿದರೆ, ಕಲಿಸಲು ಬರುತ್ತದೆ ಎಂಬ ಬಿಲ್ಲೆ ಮಾತ್ರ ನಿಮಗೆ ಸಿಗಲಾರದು!"

ರಾಜ ಹೊಟ್ಟೆ ಹಿಡಿದು ನಕ್ಕು, ಕೊರಳ ಹಾರ ತೆಗೆದು ದೇಮಯ್ಯನಿಗೆ ಹಾಕಿದ.

ಬೈರೋಜ ಮೂರೇ ತಿಂಗಳಲ್ಲಿ ಕಲಿಸಿ ಮುಗಿಸಿದ.