ಒತ್ತಕ್ಷರ ಕಂಡ ಇರುವೆ

ತೆರೆದಿಟ್ಟ ಪುಸ್ತಕದ ಮೇಲೆ ಇರುವೆಯೊಂದು ತನಗಿಂತ ದೊಡ್ಡ ಸಕ್ಕರೆ ಹರಳನ್ನು ಎಳೆದೂ ಎಳೆದೂ ಸೋತಿತು. ಗೂಡಿನಲ್ಲಿ ಮರಿಗಳು ಹಸಿದಿದ್ದವು. ಆದರೂ ಇನ್ನೊಬ್ಬರನ್ನು ನೆರವಿಗೆ ಕರೆಯುವುದು ಅದರ ಜಾಯಮಾನವಲ್ಲ. ದಣಿದು ನಿಂತಾಗ, ದೊಡ್ಡ ಅಕ್ಷರವೊಂದರ ಅಡಿಯಲ್ಲಿ ಪುಟ್ಟದೊಂದು ಕಂಡಿತು.

“ಏನೇ ಪುಟ್ಟಿ, ಆ ದೊಡ್ಡವಳ ಕಾಲಡಿ ಬಿದ್ದಿರಲು ನಾಚಿಕೆಯಿಲ್ಲವೇ?” ಎಂದಿತು ಇರುವೆ.

“ಬಿದ್ದಿಲ್ಲ, ಹೆಗಲು ಕೊಟ್ಟಿದ್ದೇನೆ. ನಾನು ಒತ್ತಕ್ಷರ. ನಾನು ಸರಿದರೆ ಇಲ್ಲಿ ಉಳಿಯುವುದು ಬರೀ ‘ಅಕ’, ಅದಕ್ಕೆ ಅರ್ಥವಿಲ್ಲ. ನಾನಿದ್ದರೆ ‘ಅಕ್ಕ’. ಹಾಗೆ ಕರೆದರೆ ಯಾರಾದರೂ ತಿರುಗಿ ನೋಡುತ್ತಾರೆ.”

ಇರುವೆ ಬೆರಗಾಗಿ ಕತ್ತೆತ್ತಿತು. ಪುಟದ ತುಂಬ ಅಕ್ಷರಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಆ ಪುಟದಡಿ ಇನ್ನೂ ಎಷ್ಟು ಪುಟಗಳೋ! ಎಲ್ಲವನ್ನೂ ಒಂದು ದಿನ ಓದಲೇಬೇಕು ಅನ್ನಿಸಿತು.

ಸದ್ಯಕ್ಕೆ ಕಲಿತದ್ದು ಒಂದೇ ಪದ. ಪುಸ್ತಕದ ಅಂಚಿನಲ್ಲಿ ಹೋಗುತ್ತಿದ್ದ ಇನ್ನೊಂದು ಇರುವೆಯತ್ತ ತಿರುಗಿ, ಗಂಟಲು ಸರಿಮಾಡಿಕೊಂಡು, ಅದನ್ನೇ ಗಟ್ಟಿಯಾಗಿ ಓದಿತು: “ಅಕ್ಕಾ!”